ಕಾಲ ಸುಧಾರಿಸಿತೆಂದು ತಿಳಿಯುವುದು ಹೇಗೆ?

ಯುಗಾದಿಯ ಸಾಯಂಕಾಲ ಪಂಚಾಂಗ ಶ್ರವಣ ಮಾಡುವ ಪದ್ಧತಿಯನ್ನು ಇನ್ನೂ ಉಳಿಸಿಕೊಂಡಿರುವ ಮನೆಗಳಲ್ಲಿ ನಮ್ಮ ಅಕ್ಕನ ಮನೆಯೂ ಒಂದು. ವರ್ಷದ ರಾಜನಾರು, ಮಂತ್ರಿಯಾರು, ಮಳೆ ಎಷ್ಟು ಕೊಳಗ, ಯಾವ ಧಾನ್ಯದ ಬೆಲೆ ಏರೀತು ಎಂಬುದನ್ನೆಲ್ಲ ಓದಿಯಾದ ಮೇಲೆ ಎಲ್ಲರೂ ಕಿವಿಗೊಟ್ಟು ಕೇಳುವುದು ಆಯ-ವ್ಯಯದ ಭಾಗವನ್ನು. ತಮ್ಮ ರಾಶಿಗೆ ಆಯ ಹೆಚ್ಚಾಗಿ ವ್ಯಯ ಕಡಿಮೆಯಾಗಿ ಬಂದವರು ಒಳಗೊಳಗೇ ನಗುತ್ತಾರೆ. ಆಯ ಎರಡು, ವ್ಯಯ ಹದಿನಾಲ್ಕು ಎಂದು ಬಂದವರು 'ಇದನ್ನೆಲ್ಲ ಈಗ ಯಾರು ನಂಬುತ್ತಾರೆ?' ಎನ್ನುತ್ತ ಒಬ್ಬಟ್ಟಿನ ತಟ್ಟೆಯನ್ನು ಹತ್ತಿರಕ್ಕೆಳೆದುಕೊಳ್ಳುತ್ತಾರೆ.

ಕಳೆದ ಯುಗಾದಿಯಂದು ನನ್ನ ಸೋದರಳಿಯನ ರಾಶಿಗೆ ಆಯ ಹದಿನಾಲ್ಕು, ವ್ಯಯ ಎರಡು ಎಂದು ಬಂದಿತು. ಆದರೂ ಅವನ ಮುಖದಲ್ಲಿ ಗೆಲುವಿರಲಿಲ್ಲ. ಊಟವಾದ ಮೇಲೆ ನನ್ನನ್ನು ಹೊರಗಿನ ಜಗಲಿಗೆ ಕರೆದು, "ಮಾವ, ಪಂಚಾಂಗದ ಮಾತು ಹಾಗಿರಲಿ. ನಿಜವಾಗಿ ಕಾಲ ಸುಧಾರಿಸಿದೆಯೋ ಇಲ್ಲವೋ, ಅದನ್ನು ಹೇಳಿ" ಎಂದನು.

ಅವನು ಈ ಪ್ರಶ್ನೆಯನ್ನು ಲೋಕಾಭಿರಾಮವಾಗಿ ಕೇಳಿದ್ದಲ್ಲ. ಬೆಂಗಳೂರಿನ ದಕ್ಷಿಣದ ಒಂದು ಬಡಾವಣೆಯಲ್ಲಿ ಅವನದೊಂದು ಕಾಂಡಿಮೆಂಟ್ಸ್ ಅಂಗಡಿಯಿದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹುಳಿಪುಡಿ, ಚಟ್ನಿಪುಡಿ, ಸಂಡಿಗೆ, ಹಬ್ಬಗಳಲ್ಲಿ ಒಬ್ಬಟ್ಟು. ಇಷ್ಟೇ ಅವನ ವ್ಯಾಪಾರ. 2020ರ ಲಾಕ್‌ಡೌನಿನ ಕಾಲದಲ್ಲಿ ಮುಚ್ಚಿಹೋಗುತ್ತದೆಂದು ನಾವೆಲ್ಲ ತಿಳಿದಿದ್ದ ಅಂಗಡಿ ಹೇಗೋ ಉಳಿದುಕೊಂಡು ಈಗ ಸುಮಾರಾಗಿ ನಡೆಯುತ್ತಿದೆ. ಊರ ಹೊರಗಿನ ಹೊಸ ಬಡಾವಣೆಯೊಂದರಲ್ಲಿ ಇದರ ಮೂರರಷ್ಟು ದೊಡ್ಡ ಅಂಗಡಿಯನ್ನು ತೆರೆಯಬೇಕೆಂಬುದು ಅವನ ಆಸೆ. ಅದಕ್ಕೆ ಬೇಕಾದ ಸಾಲವನ್ನು ಕೊಡಲು ಸಿದ್ಧವಾಗಿದ್ದ ಬ್ಯಾಂಕಿನವರು ಮನೆಯನ್ನು ಅಡವಾಗಿ ಕೇಳಿದ್ದರು. ಮನೆಯಿರುವುದು ಅಕ್ಕನ ಹೆಸರಿನಲ್ಲಿ. ಭಾವನವರು ಶಾಲಾ ಉಪಾಧ್ಯಾಯರಾಗಿದ್ದಾಗ ಇಪ್ಪತ್ತು ವರ್ಷ ಕಂತು ಕಟ್ಟಿ ಬಿಡಿಸಿಕೊಂಡ ಮನೆ ಅದು.

ಅಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. "ನೋಡಪ್ಪ, ಈ ವ್ಯವಹಾರ ನನಗೆ ತಿಳಿಯುವುದಿಲ್ಲ. ನೀನು ಸರಿ ಎಂದರೆ ರುಜು ಹಾಕುತ್ತೇನೆ, ಬೇಡ ಎಂದರೆ ಇಲ್ಲ" ಎಂದುಬಿಟ್ಟಳು.

ಹೀಗೆ ದೇಶದ ಆರ್ಥಿಕ ಸ್ಥಿತಿಯ ವಿಚಾರ ಅನಿರೀಕ್ಷಿತವಾಗಿ ನನ್ನ ತಲೆಗೆ ಬಂದಿತು. ಅರ್ಥಶಾಸ್ತ್ರದಲ್ಲಿ ನನ್ನ ಪಾಂಡಿತ್ಯ ಮನೆಯ ಲೆಕ್ಕದ ಪುಸ್ತಕವನ್ನು ಮೀರಿದ್ದಲ್ಲ. ಆದರೆ ಒಂದೂವರೆ ತಿಂಗಳು ಕಾಲಾವಕಾಶ ಕೇಳಿಕೊಂಡು, ಪುಸ್ತಕ ಭಂಡಾರಕ್ಕೂ ಬೀದಿಗೂ ಅಲೆದು ನಾನು ತಿಳಿದುಕೊಂಡದ್ದು ಇದೇ ಪ್ರಶ್ನೆಯನ್ನು ಕೇಳುತ್ತಿರುವ ಇತರ ಕುಟುಂಬಗಳಿಗೂ ಪ್ರಯೋಜನವಾದೀತೆಂದು ಬರೆಯುತ್ತಿದ್ದೇನೆ.

ಬನಿಯನ್ನೂ ತುಟಿಯ ಬಣ್ಣವೂ

ರಾಷ್ಟ್ರೀಯ ಉತ್ಪನ್ನದ ಅಂಕಿಗಳನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಆದರೆ ಆ ಅಂಕಿಗಳು ಬರುವ ವೇಳೆಗೆ ಕಾಲ ಮುಂದೆ ಹೋಗಿರುತ್ತದೆ. ಆದುದರಿಂದಲೇ ಬಲ್ಲವರು ಕೂಡ ದಿನನಿತ್ಯದ ಸಣ್ಣ ವಸ್ತುಗಳಲ್ಲಿ ಕಾಲದ ನಾಡಿಯನ್ನು ಹುಡುಕುತ್ತಾರೆ. ಅಮೆರಿಕದ ಕೇಂದ್ರ ಬ್ಯಾಂಕಿಗೆ 1987ರಿಂದ 2006ರವರೆಗೆ ಅಧ್ಯಕ್ಷರಾಗಿದ್ದ ಅಲನ್ ಗ್ರೀನ್‌ಸ್ಪಾನ್ ಗಂಡಸರ ಒಳ ಉಡುಪಿನ ಮಾರಾಟದ ಮೇಲೆ ಕಣ್ಣಿಟ್ಟಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಹೊರಗಿನವರ ಕಣ್ಣಿಗೆ ಬೀಳದ ಬಟ್ಟೆಯಾದುದರಿಂದ ಕೈ ಬಿಗಿಯಾದಾಗ ಗೃಹಸ್ಥನು ಮೊದಲು ಮುಂದೂಡುವುದು ಅದನ್ನೇ ಎಂಬುದು ಅವರ ವಾದ. ತೂತುಬಿದ್ದ ಬನಿಯನ್ನಿನ ಮೇಲೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಕಛೇರಿಗೆ ಹೋದ ಅನುಭವವುಳ್ಳ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೌಂದರ್ಯ ಸಾಧನಗಳ ದೊಡ್ಡ ವ್ಯಾಪಾರಿ ಲಿಯೊನಾರ್ಡ್ ಲಾಡರ್ ಇದಕ್ಕೆ ತಿರುವುಮುರುವಾದ ಮಾತೊಂದನ್ನು ಹೇಳಿದರು. 2001ರ ಮಾಂದ್ಯದಲ್ಲಿ ತುಟಿಯ ಬಣ್ಣದ ಮಾರಾಟ ಹೆಚ್ಚಿತಂತೆ; ದೊಡ್ಡ ವಸ್ತು ಕೊಳ್ಳಲಾರದ ಹೆಂಗಸರು ಸಣ್ಣದೊಂದರಿಂದ ಸಮಾಧಾನಪಟ್ಟುಕೊಂಡರಂತೆ. ಮುಂದಿನ ಮಾಂದ್ಯಗಳಲ್ಲಿ ಈ ಲೆಕ್ಕ ಸರಿಹೋಗಲಿಲ್ಲ. 2020ರಲ್ಲಂತೂ ಎಲ್ಲರ ಬಾಯಿಗೂ ಮುಸುಕು ಬಿದ್ದಿದ್ದಾಗ ತುಟಿಗೆ ಬಣ್ಣ ಯಾರು ಹಚ್ಚಿಯಾರು?

ನಮ್ಮ ದೇಶದಲ್ಲಿ ಇಂತಹ ಪಾತ್ರವನ್ನು ವಹಿಸಿದ್ದು ಐದು ರೂಪಾಯಿಯ ಬಿಸ್ಕತ್ತು. 2019ರ ಮಧ್ಯದಲ್ಲಿ ಪಾರ್ಲೆ ಸಂಸ್ಥೆಯವರು ಅಗ್ಗದ ಪೊಟ್ಟಣಗಳ ಮಾರಾಟ ಕುಗ್ಗಿದೆಯೆಂದಾಗ ಹಲವರು ನಕ್ಕರು. ಆದರೆ ಆ ವರ್ಷದ ಲೆಕ್ಕ ಮುಗಿದಾಗ ದೇಶದ ಬೆಳವಣಿಗೆಯ ದರ ಶೇಕಡ 4ರ ಆಸುಪಾಸಿಗೆ ಇಳಿದಿತ್ತು. ಹಳ್ಳಿಯ ಕೂಲಿಯವನು ಚಹಾದೊಡನೆ ತಿನ್ನುವ ಬಿಸ್ಕತ್ತು ಪಂಡಿತರಿಗಿಂತ ಮೊದಲೇ ಮಾತಾಡಿತ್ತು.

ಅನ್ನದ ಪಾಲು

ನಾನು ಓದಿದ್ದರಲ್ಲೆಲ್ಲ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಒಬ್ಬ ಜರ್ಮನ್ ಲೆಕ್ಕಿಗನ ಮಾತು. ಎರ್ನ್ಸ್ಟ್ ಎಂಗೆಲ್ ಎಂಬ ಇವನು ಸ್ಯಾಕ್ಸನಿಯ ಅಂಕಿಅಂಶಗಳ ಇಲಾಖೆಯ ಮುಖ್ಯಸ್ಥನಾಗಿದ್ದನು. ಬೆಲ್ಜಿಯಮಿನ ಕೂಲಿಕಾರರ ಮನೆಗಳ ಖರ್ಚಿನ ಪಟ್ಟಿಗಳನ್ನು ಪರಿಶೀಲಿಸಿ 1857ರಲ್ಲಿ ಅವನು ಕಂಡುಕೊಂಡ ನಿಯಮ ಬಹಳ ಸರಳವಾದುದು: ಮನೆ ಬಡವಾದಷ್ಟೂ ಅದರ ವೆಚ್ಚದಲ್ಲಿ ಹೊಟ್ಟೆಯ ಪಾಲು ಹೆಚ್ಚು, ಸ್ಥಿತಿ ಉತ್ತಮವಾದಂತೆಲ್ಲ ಆ ಪಾಲು ಕಡಿಮೆ. ಶ್ರೀಮಂತನು ಕಡಿಮೆ ತಿನ್ನುತ್ತಾನೆಂದಲ್ಲ. ತಿಂದಾದ ಮೇಲೂ ಅವನ ಕೈಯಲ್ಲಿ ಬೇರೆಯದಕ್ಕೆ ಹಣ ಮಿಗುತ್ತದೆ, ಅಷ್ಟೆ.

ಈ ಅಳತೆಗೋಲನ್ನು ನಮ್ಮ ದೇಶಕ್ಕೆ ಹಿಡಿದು ನೋಡಲು ಸಾಧ್ಯವಾಗಿರುವುದು ಮಹಲನೋಬಿಸರ ಪ್ರಯತ್ನದಿಂದ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ದೆಸೆಯಿಂದ. ಹಳ್ಳಿಯ ಮನೆಯೊಂದು ತನ್ನ ವೆಚ್ಚದ ನೂರು ರೂಪಾಯಿಗಳಲ್ಲಿ 1999-2000ದಲ್ಲಿ ಸುಮಾರು 59 ರೂಪಾಯಿಗಳನ್ನು ಆಹಾರಕ್ಕೆ ವ್ಯಯಿಸುತ್ತಿತ್ತು. 2011-12ರಲ್ಲಿ ಅದು 53ರ ಸಮೀಪಕ್ಕೆ ಬಂದಿತು. 2022-23ರ ಸಮೀಕ್ಷೆಯಲ್ಲಿ 46 ಚಿಲ್ಲರೆ ಆಗಿ, ಮೊದಲ ಬಾರಿಗೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಪಟ್ಟಣಗಳಲ್ಲಿ ಅದೇ ಅವಧಿಯಲ್ಲಿ 48ರಿಂದ 39ಕ್ಕೆ ಇಳಿದಿದೆ. ಪಡಿತರದ ಸಾಲಿನಲ್ಲಿ ನಿಂತು ಅಮೆರಿಕದ ಗೋಧಿಯನ್ನು ಚೀಲಕ್ಕೆ ತುಂಬಿಸಿಕೊಂಡು ಬಂದ 1960ರ ದಶಕದ ನೆನಪುಳ್ಳವರಿಗೆ ಈ ಅಂಕಿಗಳ ಬೆಲೆ ಗೊತ್ತು. 1950-51ರಲ್ಲಿ ಸುಮಾರು 5 ಕೋಟಿ ಟನ್ ಧಾನ್ಯ ಬೆಳೆದ ದೇಶ 2023-24ರಲ್ಲಿ 33 ಕೋಟಿ ಟನ್ ಬೆಳೆಯಿತು. 1 ಕೋಟಿ 70 ಲಕ್ಷ ಟನ್ ಹಾಲು ಕರೆದ ದೇಶ ಸುಮಾರು 24 ಕೋಟಿ ಟನ್ ಕರೆಯಿತು. ಅತಿಥಿ ಬಂದಾಗ ಹಾಲಿಗೆ ನೀರು ಬೆರೆಸಿ ಕಾಫಿ ಕೊಟ್ಟು ಮಾನ ಉಳಿಸಿಕೊಳ್ಳುತ್ತಿದ್ದ ಗೃಹಿಣಿಯರ ಕಾಲವೊಂದಿತ್ತೆಂದರೆ ಇಂದಿನ ಮಕ್ಕಳು ನಂಬಲಾರರು.

ಇನ್ನೊಂದು ಅಂಕಿಯನ್ನು ಕಂಡು ನಾನು ಸೋದರಳಿಯನಿಗೆ ಅಂದೇ ದೂರವಾಣಿ ಮಾಡಿದೆನು. ಆ 2022-23ರ ಸಮೀಕ್ಷೆಯ ಪ್ರಕಾರ ಪಟ್ಟಣದ ಮನೆಗಳು ಅಕ್ಕಿ, ಗೋಧಿ, ರಾಗಿ ಮುಂತಾದ ಧಾನ್ಯಗಳ ಮೇಲೆ ಮಾಡುವ ವೆಚ್ಚ ನೂರಕ್ಕೆ 4ಕ್ಕಿಂತಲೂ ಕಡಿಮೆ. ಪಾನೀಯ ಮತ್ತು ಸಿದ್ಧ ತಿನಿಸುಗಳ ಮೇಲೆ ಮಾಡುವ ವೆಚ್ಚ 10ಕ್ಕೂ ಹೆಚ್ಚು. ಅಂದರೆ ಅಕ್ಕಿಯ ಅಂಗಡಿಗಿಂತ ಚಕ್ಕುಲಿಯ ಅಂಗಡಿಗೆ ನಮ್ಮ ಪಟ್ಟಣಿಗರು ಹೆಚ್ಚು ಹಣ ಸುರಿಯುತ್ತಿದ್ದಾರೆ!

"ಹಾಗಾದರೆ ಅಮ್ಮನಿಗೆ ರುಜು ಹಾಕಲು ಹೇಳಲೇ, ಮಾವ?" ಎಂದು ಅವನು ಆ ಕಡೆಯಿಂದ ಕೇಳಿದನು.

ನಾನು ತಾಳು ಎಂದೆನು. ಏಕೆಂದರೆ ಅದೇ ವರದಿಯ ಮಗ್ಗುಲಲ್ಲಿ ಇನ್ನೂ ಎರಡು ಸಂಗತಿಗಳಿದ್ದವು. ಮೊದಲನೆಯದಾಗಿ, ದೇಶದಲ್ಲಿ ಸುಮಾರು 80 ಕೋಟಿ ಜನರಿಗೆ ಪಡಿತರದ ಧಾನ್ಯ ಅಗ್ಗವಾಗಿಯೋ ಉಚಿತವಾಗಿಯೋ ದೊರೆಯುತ್ತಿದೆ. ಅಕ್ಕಿಯ ಪಾಲು ಕುಗ್ಗಿದ್ದರಲ್ಲಿ ಸಂಪತ್ತಿನ ಕೈವಾಡ ಎಷ್ಟು, ಪಡಿತರದ ಕೈವಾಡ ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಎರಡನೆಯದು ರೂಪಾಯಿಯ ಮಾತು. ಪಟ್ಟಣದ ಒಬ್ಬನ ತಿಂಗಳ ಸರಾಸರಿ ವೆಚ್ಚ 2011-12ರಲ್ಲಿ 2,630 ರೂಪಾಯಿಯಿದ್ದುದು 2022-23ರಲ್ಲಿ 6,459 ರೂಪಾಯಿಯಾಯಿತು. ಎರಡೂವರೆ ಪಟ್ಟು! ಆದರೆ ಬೆಲೆಯೇರಿಕೆಯನ್ನು ಕಳೆದು ಹಳೆಯ ರೂಪಾಯಿಯಲ್ಲೇ ಲೆಕ್ಕ ಹಾಕಿದರೆ ಉಳಿಯುವುದು 3,510 ರೂಪಾಯಿ. ಹನ್ನೊಂದು ವರ್ಷಗಳಲ್ಲಿ ಮೂರನೆಯ ಒಂದು ಭಾಗದಷ್ಟು ಏಳಿಗೆ. ಇದು ಅಲ್ಪವಲ್ಲ, ಆದರೆ ಎರಡೂವರೆ ಪಟ್ಟೂ ಅಲ್ಲ. ಹಳ್ಳಿಗಳ ಏಳಿಗೆ ಇದಕ್ಕಿಂತ ತುಸು ಹೆಚ್ಚು, ನೂರಕ್ಕೆ 40ರಷ್ಟು, ಎಂಬುದನ್ನೂ ಹೇಳಿಬಿಡಬೇಕು. ಪಟ್ಟಣದವರಾದ ನಾವು ಇದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಮೇಜು ಒರೆಸುವ ಹುಡುಗ

ಅಂಕಿಗಳಿಂದ ಬೇಸತ್ತು ಒಂದು ಸಂಜೆ ಬಸವನಗುಡಿಯ ಹೋಟೆಲೊಂದರಲ್ಲಿ ಕಾಫಿಗೆಂದು ಕುಳಿತೆನು. ಗಲ್ಲಾದ ಪಕ್ಕದಲ್ಲಿ 'ಕೆಲಸಕ್ಕೆ ಜನ ಬೇಕಾಗಿದ್ದಾರೆ. ಊಟ, ವಸತಿ ಉಂಟು' ಎಂಬ ಫಲಕ ತೂಗುತ್ತಿತ್ತು. ಇಂತಹ ಫಲಕವನ್ನು ನಾವು ದಿನಕ್ಕೆ ಹತ್ತು ಕಡೆ ನೋಡುತ್ತೇವೆ. ಅಂದು ಮಾತ್ರ ನಾನು ಅದನ್ನು ಓದಿದೆನು.

ನಮ್ಮ ಚಿಕ್ಕಂದಿನಲ್ಲಿ ಯಾವ ಹೋಟೆಲಿನಲ್ಲಿಯೂ ಇಂತಹ ಫಲಕವಿರಲಿಲ್ಲ. ಕೆಲಸ ಕೇಳಿಕೊಂಡು ಬರುವ ಹುಡುಗರನ್ನು ಹಿಂದಕ್ಕೆ ಕಳುಹಿಸುವುದೇ ಮಾಲೀಕರಿಗೆ ಕೆಲಸವಾಗಿತ್ತು. ಕುಂದಾಪುರ, ಉಡುಪಿಯ ಸೀಮೆಯಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಬೆಂಗಳೂರಿಗೂ ಮುಂಬಯಿಗೂ ಬಂದು ಮೇಜು ಒರೆಸಿ, ಲೋಟ ತೊಳೆದು, ಅಡುಗೆಮನೆಯ ಮೂಲೆಯಲ್ಲೇ ಮಲಗುತ್ತಿದ್ದರು. ಅಂತಹ ಹುಡುಗರಿಗಾಗಿಯೇ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆಯುತ್ತಿದ್ದವು. ಹಗಲೆಲ್ಲ ದುಡಿದು, ರಾತ್ರಿ ಅಲ್ಲಿ ಕುಳಿತು ಓದಿ, ಗುಮಾಸ್ತರೂ ವಕೀಲರೂ ಹೋಟೆಲ್ ಮಾಲೀಕರೂ ಆದವರು ಅನೇಕರು. ಆಗದೆ ಉಳಿದವರು ಅವರಿಗಿಂತ ಎಷ್ಟೋ ಪಾಲು ಹೆಚ್ಚು. ಅವರ ಕಥೆಯನ್ನು ಯಾರೂ ಬರೆಯಲಿಲ್ಲ.

ಆ ಹುಡುಗರು ಈಗ ಬರುತ್ತಿಲ್ಲ. ಹೋಟೆಲಿನ ಯಜಮಾನರು ಇದನ್ನು ಒಂದು ಕಷ್ಟವೆಂಬಂತೆ ಹೇಳಿದರು. ತಾವೂ ಹಾಗೆಯೇ ಬಂದವರಂತೆ. "ನಮ್ಮೂರಿನಿಂದ ಈಗ ಒಬ್ಬನೂ ಬರುವುದಿಲ್ಲ, ಸ್ವಾಮಿ. ಎಲ್ಲರೂ ಓದುತ್ತಾರೆ. ಇವರೆಲ್ಲ ಒಡಿಶಾ, ಅಸ್ಸಾಮಿನವರು" ಎಂದು ಮೇಜು ಒರೆಸುತ್ತಿದ್ದವನ ಕಡೆ ಕೈ ತೋರಿದರು.

ಕರಾವಳಿಯ ಹುಡುಗ ಮೇಜು ಒರೆಸುವುದನ್ನು ಬಿಟ್ಟದ್ದು ತಾನಾಗಿ ಆದದ್ದಲ್ಲ. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ದಕ್ಷಿಣ ಕನ್ನಡದ ಗೇಣಿದಾರರನ್ನು ಉಳುವ ನೆಲಕ್ಕೆ ಒಡೆಯರನ್ನಾಗಿ ಮಾಡಿತು. ಆ ಜಿಲ್ಲೆಯಲ್ಲಿ ಶಾಲೆಗಳಿಗೂ ಬ್ಯಾಂಕುಗಳಿಗೂ ಮೊದಲಿನಿಂದ ಕೊರತೆಯಿರಲಿಲ್ಲ. ಗಲ್ಫ್ ದೇಶಗಳ ದುಡಿಮೆಯ ಹಣವೂ ಬಂದಿತು. ಒಂದು ತಲೆಮಾರಿನೊಳಗೆ ಆ ಹುಡುಗನಿಗೆ ಬೇರೆ ದಾರಿಗಳು ತೆರೆದವು. ಬೆಲೆ ಕೊಟ್ಟು ಕೊಳ್ಳುವ ಯಾವ ವಸ್ತುವಿಗಿಂತಲೂ, ಅಗ್ಗದ ದುಡಿಮೆಗೆ ಜನ ದೊರೆಯದಿರುವುದು ನಾಡಿನ ಏಳಿಗೆಗೆ ಹೆಚ್ಚು ನಂಬತಕ್ಕ ಗುರುತೆಂದು ನನಗೆ ತೋರುತ್ತದೆ. 'ಆಳು ಸಿಕ್ಕುವುದಿಲ್ಲ' ಎಂದು ನಾವು ಗೊಣಗುವುದರ ಇನ್ನೊಂದು ಮುಖ ಯಾರೋ ಒಬ್ಬರು ಆಳಾಗಿರುವುದನ್ನು ಬಿಟ್ಟದ್ದಾಗಿದೆ.

ಆದರೆ ಒಡಿಶಾದ ಆ ಹುಡುಗ? ಅವನ ಊರಿನಲ್ಲಿ ಆ ದಾರಿಗಳು ಇನ್ನೂ ತೆರೆದಿಲ್ಲವೆಂದೇ ಅರ್ಥ. ಒಂದೇ ಮೇಜು ಒಂದು ಸೀಮೆಯ ಏಳಿಗೆಯನ್ನೂ ಇನ್ನೊಂದು ಸೀಮೆಯ ಕಷ್ಟವನ್ನೂ ಹೇಳುತ್ತಿತ್ತು. ಕಾರ್ಮಿಕರ ಸಮೀಕ್ಷೆಗಳೂ ಇದನ್ನೇ ಸೂಚಿಸುತ್ತವೆ. 2018-19ರಲ್ಲಿ ದೇಶದ ದುಡಿಯುವ ಜನರಲ್ಲಿ ನೂರಕ್ಕೆ 42ರಷ್ಟು ಮಂದಿ ಬೇಸಾಯದಲ್ಲಿದ್ದರು. ಅದು ಕುಗ್ಗುತ್ತ ಹೋಗಬೇಕಾದದ್ದು. ಆದರೆ ಲಾಕ್‌ಡೌನಿನಲ್ಲಿ ಊರಿಗೆ ಹಿಂದಿರುಗಿದವರೆಲ್ಲ ಮರಳಿ ಬರಲಿಲ್ಲವಾಗಿ 2023-24ರಲ್ಲಿಯೂ ಅದು 46ರಷ್ಟಿತ್ತು. 2020-21ರಲ್ಲಿ ಗ್ರಾಮೀಣ ಉದ್ಯೋಗ ಖಾತರಿಯ ಕೆಲಸಕ್ಕೆ ಜನ ಮುಗಿಬಿದ್ದು ಸುಮಾರು 389 ಕೋಟಿ ದಿನಗಳ ಕೂಲಿ ನಡೆದದ್ದನ್ನು ಯಾರೂ ಸುಭಿಕ್ಷದ ಚಿಹ್ನೆಯೆಂದು ಹೇಳಲಾರರು.

ಎರಡು ನಾಲಗೆಯ ಚಿಹ್ನೆಗಳು

ಇಲ್ಲಿಂದ ಮುಂದೆ ನನಗೆ ಪ್ರತಿಯೊಂದು ಚಿಹ್ನೆಯ ಮೇಲೂ ಅನುಮಾನ ಹುಟ್ಟಿತು. ಬಸ್ಸುಗಳಲ್ಲಿ ಹೆಂಗಸರು ತುಂಬಿ ತುಳುಕುವುದನ್ನು ನೋಡಿ ಸಂಚಾರ ಹೆಚ್ಚಿತು, ಕಾಲ ಸುಧಾರಿಸಿತು ಎನ್ನೋಣವೆಂದರೆ, 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿನ ಹಣವಿಲ್ಲ. ಅದರಿಂದ ಉಪಕಾರವಾಗಿರುವುದು ನಿಜ. ಕೆಲಸಕ್ಕೆ ದೂರ ಹೋಗಲಾರದಿದ್ದವರು ಹೋಗುತ್ತಿದ್ದಾರೆ. ಆದರೆ ಅದು ಜೇಬು ತುಂಬಿದ್ದರ ಗುರುತಲ್ಲ.

ಹಾಗೆಯೇ ಬೀದಿಯ ಅಂಗಡಿಗಳ ಮೊಬೈಲ್ ಪಾವತಿಯ ಚೌಕದ ಚೀಟಿ. 2016ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ 2025ರ ಆಗಸ್ಟ್ ತಿಂಗಳೊಂದರಲ್ಲೇ 2,000 ಕೋಟಿ ಪಾವತಿಗಳು ನಡೆದವು. ಕೊತ್ತಂಬರಿಸೊಪ್ಪಿನ ಮುದುಕಿಯ ಬುಟ್ಟಿಯ ಮೇಲೂ ಆ ಚೀಟಿ ಇದೆ. ಆದರೆ ಹತ್ತು ರೂಪಾಯಿ ನಾಣ್ಯವಾಗಿ ಬರುವ ಬದಲು ಫೋನಿನ ಮೂಲಕ ಬಂದರೆ ಅದು ಹನ್ನೊಂದಾಗುವುದಿಲ್ಲ. 2025ರ ಜುಲೈಯಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳು ಹಲವು ಬೀದಿಗಳಲ್ಲಿ ಈ ಚೀಟಿಗಳನ್ನು ಕಿತ್ತುಹಾಕಿ 'ನಗದು ಮಾತ್ರ' ಎಂದು ಬರೆದರು. ಪರಸ್ಥಳದವನು ನೋಡಿದ್ದರೆ ವ್ಯಾಪಾರವೇ ಮುಳುಗಿತೆಂದುಕೊಳ್ಳುತ್ತಿದ್ದನು. ಫೋನಿನ ಮೂಲಕ ಬಂದ ಹಣವನ್ನೆಲ್ಲ ಕೂಡಿಸಿ, ವರ್ಷದ ವಹಿವಾಟು 40 ಲಕ್ಷ ಮೀರಿದೆಯೆಂದು ತೆರಿಗೆಯ ನೋಟೀಸು ಬಂದದ್ದೇ ಅದಕ್ಕೆ ಕಾರಣ!

ಬೆಲೆಯೂ ಎರಡು ನಾಲಗೆಯದೇ. 2023ರ ಜುಲೈಯಲ್ಲಿ ಟೊಮೇಟೊ ಕಿಲೋಗೆ 100 ರೂಪಾಯಿ ದಾಟಿ ನಾವೆಲ್ಲ ಹುಣಿಸೆಹುಳಿಯ ಸಾರಿಗೆ ಮರಳಿದಾಗ, ಕೋಲಾರದ ಕೆಲವು ರೈತರು ಹಳೆಯ ಸಾಲ ತೀರಿಸಿಕೊಂಡರು. 2025ರ ಆರಂಭದಲ್ಲಿ ಕಾಫಿ ಬೀಜದ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿದಾಗ ನಮ್ಮ ಲೋಟದ ಕಾಫಿ ದುಬಾರಿಯಾಯಿತು, ಚಿಕ್ಕಮಗಳೂರು ಕೊಡಗುಗಳ ತೋಟಗಳಲ್ಲಿ ಹಬ್ಬವಾಯಿತು. ಬೀದಿಯಿಂದ ಬೀದಿಗೆ ಕೂಗುತ್ತ ಬರುತ್ತಿದ್ದ ಕಲಾಯಿಯವನು ಕಣ್ಮರೆಯಾದದ್ದನ್ನೂ ನಾನು ಮೊದಲು ಏಳಿಗೆಯ ಲೆಕ್ಕಕ್ಕೆ ಬರೆದುಕೊಂಡಿದ್ದೆನು. ಅವನನ್ನು ಓಡಿಸಿದ್ದು ಸ್ಟೀಲಿನ ಪಾತ್ರೆಯೆಂದು ಅಕ್ಕ ತಿದ್ದಿದಳು.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಸಾಲದಲ್ಲಿ ಬಂದ ವೈಭವ. ಮನೆಯ ಮುಂದೆ ಹೊಸ ವಾಹನ ನಿಂತಿತೆಂದರೆ ಅರಿಸಿನ ಕುಂಕುಮ ಹಚ್ಚಿ ಸಂತೋಷಪಡುತ್ತೇವೆ. ಅದು ಉಳಿಸಿದ ಹಣದ್ದೋ ಮುಂದೆ ಗಳಿಸಬೇಕಾದ ಹಣದ್ದೋ ಎಂದು ನಿಂಬೆಹಣ್ಣಿನ ಮೇಲೆ ಚಕ್ರ ಹಾಯುವಾಗ ಯಾರೂ ಕೇಳುವುದಿಲ್ಲ. 2022-23ರಲ್ಲಿ ದೇಶದ ಕುಟುಂಬಗಳು ಸಾಲ ಕಳೆದು ಉಳಿಸಿದ ಹಣ ರಾಷ್ಟ್ರೀಯ ಉತ್ಪನ್ನದ ಶೇಕಡ 5ರಷ್ಟಕ್ಕೆ ಇಳಿದಿತ್ತು. ಹಲವು ದಶಕಗಳಲ್ಲಿ ಇಷ್ಟು ಕಡಿಮೆಯಾಗಿರಲಿಲ್ಲ. 2024-25ರಲ್ಲಿ ಚಿನ್ನವನ್ನು ಒತ್ತೆಯಿಟ್ಟು ಬ್ಯಾಂಕುಗಳಿಂದ ಪಡೆದ ಸಾಲ ಒಂದೇ ವರ್ಷದಲ್ಲಿ ಇಮ್ಮಡಿಯಾಯಿತು. ಚಿನ್ನದ ಬೆಲೆ ಏರಿದ್ದೂ, ಬ್ಯಾಂಕುಗಳು ಬೇರೆ ಲೆಕ್ಕದ ಸಾಲವನ್ನು ಇಲ್ಲಿಗೆ ತಂದದ್ದೂ ಅದಕ್ಕೆ ಕಾರಣವೆಂಬುದು ನಿಜ. ಆದರೂ ಬಳೆಗಳನ್ನು ಕೈಯಿಂದ ತೆಗೆದು ತಕ್ಕಡಿಯಲ್ಲಿಡುವ ಹೆಂಗಸಿಗೆ ಆ ದಿನ ಸುದಿನವಾಗಿರಲಾರದು.

ದ್ವಿಚಕ್ರ ವಾಹನದ ಲೆಕ್ಕ ಈ ಎಲ್ಲದಕ್ಕಿಂತ ಪ್ರಾಮಾಣಿಕವಾದುದು. ಒಂದು ಕಾಲದಲ್ಲಿ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ದೇಶ ಇದು. ಮಗ ಹುಟ್ಟಿದಾಗ ಹೆಸರು ಬರೆಸಿದರೆ ಅವನು ಶಾಲೆಗೆ ಹೋಗುವಾಗ ಸಿಕ್ಕೀತೆಂದು ಹಾಸ್ಯ ಮಾಡುತ್ತಿದ್ದೆವು. 2001ರ ಜನಗಣತಿಯಲ್ಲಿ ನೂರಕ್ಕೆ 12 ಮನೆಗಳಲ್ಲಿ ದ್ವಿಚಕ್ರ ವಾಹನವಿತ್ತು, 2011ರಲ್ಲಿ 21 ಮನೆಗಳಲ್ಲಿ. 2018-19ರಲ್ಲಿ ದೇಶದೊಳಗೆ 2 ಕೋಟಿ 11 ಲಕ್ಷ ದ್ವಿಚಕ್ರಗಳು ಮಾರಾಟವಾದವು. ಆಮೇಲೆ ಬಿದ್ದದ್ದು ಎದ್ದು ನಿಲ್ಲಲು ಬಹಳ ಕಾಲ ಹಿಡಿಯಿತು. ಆರು ವರ್ಷಗಳ ನಂತರ, 2024-25ರಲ್ಲಿ, 1 ಕೋಟಿ 96 ಲಕ್ಷ. ಅದೇ ವರ್ಷ ಕಾರುಗಳ ಮಾರಾಟ ಮಾತ್ರ 43 ಲಕ್ಷಕ್ಕೆ ಏರಿ ಹಿಂದಿನ ಎಲ್ಲ ದಾಖಲೆಗಳನ್ನೂ ಮುರಿದಿತ್ತು. ಕಾರು ಕೊಳ್ಳುವವನ ಕಾಲ ಮೊದಲು ಸುಧಾರಿಸಿತು, ಸ್ಕೂಟರಿನವನದು ಆಮೇಲೆ. ನನ್ನ ಸೋದರಳಿಯನ ಗಿರಾಕಿಗಳು ಸ್ಕೂಟರಿನವರು.

ಬೆಳಕು ಕಂಡ ಕಿಟಕಿಗಳು

ಕೊನೆಗೆ ನಾನು ಅವನ ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳನ್ನು ತರಿಸಿದೆನು. ದೊಡ್ಡ ಸಮೀಕ್ಷೆಗಳು ಹೇಳದ ಮಾತೊಂದು ಅವುಗಳಲ್ಲಿತ್ತು. ತಿಂಗಳ ಮೊದಲ ವಾರ ಅರ್ಧ ಕಿಲೋ ಕೋಡುಬಳೆ ಕೊಳ್ಳುವವರು ಕೊನೆಯ ವಾರ ನೂರು ಗ್ರಾಮಿಗೆ ಇಳಿಯುವುದು ಮೊದಲಿನಿಂದಲೂ ಇತ್ತು. 2020-21ರ ಪುಸ್ತಕದಲ್ಲಿ ಕೊನೆಯ ವಾರದ ಪುಟಗಳೇ ಬಹುಮಟ್ಟಿಗೆ ಖಾಲಿ. ಹುಳಿಪುಡಿಯೊಂದು ಮಾತ್ರ ಖರ್ಚಾಗಿತ್ತು. ಎಲ್ಲರೂ ಮನೆಯಲ್ಲೇ ಅಡುಗೆ ಮಾಡಿದ ಕಾಲವಲ್ಲವೇ? ಆಮೇಲಿನ ಪುಸ್ತಕಗಳಲ್ಲಿ ಮೊದಲ ವಾರಕ್ಕೂ ಕೊನೆಯ ವಾರಕ್ಕೂ ಇರುವ ಅಂತರ ಮೆಲ್ಲಮೆಲ್ಲನೆ ಕಿರಿದಾಗುತ್ತ ಬಂದಿದೆ. ಉದ್ರಿಯ ಪಟ್ಟಿಯೂ ಸಣ್ಣದಾಗಿದೆ. ಆ ಬೀದಿಯ ಮನೆಗಳಲ್ಲಿ ತಿಂಗಳ 25ನೆಯ ತಾರೀಖಿಗೂ ಕೈಯಲ್ಲಿ ಒಂದಿಷ್ಟು ಕಾಸು ಉಳಿಯುತ್ತಿದೆಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಡವಾಯಿತು.

ಅಂದಮೇಲೆ ಅವನ ಹಳೆಯ ಬೀದಿಯಲ್ಲಿ ಕಾಲ ಸುಧಾರಿಸಿದೆ. ಹೊಸ ಬಡಾವಣೆಯಲ್ಲಿ?

ಒಂದು ಬುಧವಾರ ರಾತ್ರಿ ಎಂಟು ಗಂಟೆಗೆ ನಾವಿಬ್ಬರೂ ಅಲ್ಲಿಗೆ ಹೋದೆವು. ಭಾನುವಾರ ಬೇಡವೆಂದು ನಾನೇ ಹೇಳಿದ್ದೆನು. ಭಾನುವಾರ ಎಲ್ಲ ಬೀದಿಯೂ ಸಿರಿವಂತವಾಗಿಯೇ ಕಾಣುತ್ತದೆ. ಅಗಲವಾದ ರಸ್ತೆ, ಎರಡೂ ಕಡೆ ಹತ್ತು ಹನ್ನೆರಡು ಅಂತಸ್ತಿನ ಕಟ್ಟಡಗಳು. ಅವನು ನೋಡಿಟ್ಟಿದ್ದ ಮಳಿಗೆಗೆ ಮಾಲೀಕರು ಕೇಳಿದ್ದು ಹತ್ತು ತಿಂಗಳ ಬಾಡಿಗೆಯ ಮುಂಗಡ. ಪಕ್ಕದ ಮಳಿಗೆಯ ಬೋರ್ಡಿನಲ್ಲಿ ಈಗಿನ ಹೆಸರಿನ ಅಡಿಯಿಂದ ಹಳೆಯದೊಂದು ಹೆಸರು ಇಣುಕುತ್ತಿತ್ತು. ಅದರ ಅಡಿಯಲ್ಲಿ ಇನ್ನೂ ಒಂದು. ಎದುರಿನ ಸಾಲಿನಲ್ಲಿ ನಾಲ್ಕು ಕಡೆ 'ಬಾಡಿಗೆಗಿದೆ'.

ನಾವು ರಸ್ತೆಯಾಚೆ ನಿಂತು ಎದುರಿನ ಕಟ್ಟಡದಲ್ಲಿ ಬೆಳಕಿದ್ದ ಕಿಟಕಿಗಳನ್ನು ಎಣಿಸಿದೆವು. ಕಾವಲುಗಾರನು ನಮ್ಮನ್ನು ಅನುಮಾನದಿಂದ ನೋಡಿ ಏನು ಬೇಕೆಂದು ಕೇಳಿದನು. ವಿಷಯ ತಿಳಿದ ಮೇಲೆ ತಾನೇ ಹೇಳಿದನು: ಮನೆಗಳೆಲ್ಲ ಎಂದೋ ಮಾರಾಟವಾಗಿವೆ, ವಾಸಕ್ಕೆ ಬಂದವರು ಅರ್ಧವೂ ಇಲ್ಲ, ಕೊಂಡವರು ಬೆಲೆ ಏರಲೆಂದು ಬೀಗ ಹಾಕಿಟ್ಟಿದ್ದಾರೆ.

ಕತ್ತಲೆಯ ಕಿಟಕಿಗಳವರು ನಿಪ್ಪಟ್ಟು ಕೊಳ್ಳುವುದಿಲ್ಲವಷ್ಟೆ. ಸೋದರಳಿಯನು ಬಸ್ಸಿನಲ್ಲಿ ಹಿಂದಿರುಗುವಾಗ ಒಂದು ಮಾತನ್ನೂ ಆಡಲಿಲ್ಲ. ನನಗೂ ಏನು ಹೇಳಬೇಕೆಂದು ತೋಚಲಿಲ್ಲ. ಅವನಿಗೆ ಮೂವತ್ತೆಂಟು ವರ್ಷ. ಕಾಯುತ್ತ ಕುಳಿತರೆ ಆ ಬೀದಿಯಲ್ಲಿ ಬೆಳಕು ಬರುವ ಹೊತ್ತಿಗೆ ಮಳಿಗೆ ಇನ್ನೊಬ್ಬನದಾಗಿರುತ್ತದೆಂಬ ಅವನ ಸಂಕಟ ಸುಳ್ಳಲ್ಲ.

ಎರಡು ವಾರಗಳ ಮೇಲೆ ಅವನೇ ಒಂದು ದಾರಿ ಕಂಡುಕೊಂಡನು. ಈಗಿನ ಅಂಗಡಿಯ ಪಕ್ಕದ ಹೊಲಿಗೆಯ ಅಂಗಡಿ ಖಾಲಿಯಾಗಿತ್ತು. ಗೋಡೆ ಒಡೆದು ಎರಡನ್ನೂ ಸೇರಿಸಿ, ಚಕ್ಕುಲಿ ಒತ್ತುವ ಯಂತ್ರವೊಂದನ್ನು ಹಾಕುವುದು. ಅದಕ್ಕೆ ಮನೆಯ ಅಡವು ಬೇಕಾಗಿಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಅಡವಿಲ್ಲದೆ 10 ಲಕ್ಷ ರೂಪಾಯಿಯವರೆಗೆ ಸಾಲ ಕೇಳಬಹುದು. ಹಿಂದಿನದನ್ನು ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೂ ಅವಕಾಶವಿದೆ. ಅರ್ಜಿಯೊಡನೆ ಅವನು ಆ ಲೆಕ್ಕದ ಪುಸ್ತಕಗಳ ನಕಲನ್ನೂ ಇಟ್ಟಿದ್ದಾನೆ.

ಉತ್ತರ ಇನ್ನೂ ಬಂದಿಲ್ಲ. ಕ್ರಯಪತ್ರ ಅಕ್ಕನ ಟ್ರಂಕಿನಲ್ಲೇ, ಭಾವನವರ ಹಳೆಯ ಪಂಚಾಂಗಗಳ ಕೆಳಗಿದೆ. ಗೋಕುಲಾಷ್ಟಮಿಯ ಚಕ್ಕುಲಿಗೆ ಮುಂಗಡ ಹೇಳುವವರು ಹಿಂದೆಲ್ಲ ಹಬ್ಬಕ್ಕೆ ಮೂರು ದಿನವಿರುವಾಗ ಬರುತ್ತಿದ್ದರಂತೆ. ಈ ಸಲ ಶ್ರಾವಣ ಹುಟ್ಟುವ ಮೊದಲೇ ಹನ್ನೊಂದು ಮನೆಯವರು ಹೇಳಿಹೋಗಿದ್ದಾರೆ. ಅವರಲ್ಲಿ ನಾಲ್ವರು ಹಣವನ್ನೂ ಕೊಟ್ಟಿದ್ದಾರೆ.